ಮೊದಲು ನನ್ನ ಕೈಗೆ

ಸೂಜಿಯಕ್ಕನನ್ನು ಆ ಕಚೇರಿಗೆ ಯಾರೂ ಕರೆಯಲಿಲ್ಲ. ತಾನೇ ಹೋದಳು. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಈಗ ಬೀದಿಯಲ್ಲಿ ಅರ್ಧ ಜನ 'ಸಿಕ್ಕಿಬಿದ್ದಳು' ಅನ್ನುತ್ತಾರೆ, ಉಳಿದವರು 'ಯಾರೋ ಚಾಡಿ ಹೇಳಿದರಂತೆ' ಅನ್ನುತ್ತಾರೆ. ಎರಡೂ ಶುದ್ಧ ಸುಳ್ಳು. ಓಣಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದಳು ಅಂತ ಬೇಕಾದರೆ ಅನ್ನಿ, ಒಪ್ಪಬಹುದು. ಕದ್ದುಮುಚ್ಚಿ ಬದುಕಿದವಳು ಅಂತ ಮಾತ್ರ ಅನ್ನಬೇಡಿ.

ಕಿವಿ ಚುಚ್ಚುವುದು, ಮೂಗು ಚುಚ್ಚುವುದು, ಹಚ್ಚೆ ಹಾಕುವುದು ಅವಳ ಕಸುಬು. ಒಂದು ಕಡೆ ದರ್ಜಿಯ ಅಂಗಡಿ, ಇನ್ನೊಂದು ಕಡೆ ಸೈಕಲ್ ರಿಪೇರಿಯವನ ಅಂಗಡಿ, ನಡುವೆ ಅವಳ ಮನೆ. ಮನೆಯ ಮುಂದಿನ ಕೋಣೆಯೇ ಅಂಗಡಿ. ಮುಚ್ಚಿಹೋದ ಯಾವುದೋ ಕ್ಷೌರದಂಗಡಿಯಿಂದ ತಂದ ಎತ್ತರದ ಕುರ್ಚಿ, ಕತ್ತು ಬಗ್ಗಿಸುವ ದೀಪ, ಹತ್ತಿಯ ಡಬ್ಬಿ, ಸ್ಪಿರಿಟ್ ಬಾಟಲಿ, ಗೋಡೆಯ ಮೇಲೆ ಹೂವು ಹಕ್ಕಿ ಬಳ್ಳಿಗಳ ಮಾದರಿ ಚಿತ್ರಗಳು. ಆ ಚಿತ್ರಗಳನ್ನೆಲ್ಲ ಬರೆದವಳು ಮಗಳು. ಮಗಳು ಮದುವೆಯಾಗಿ ಹೋಗಿದ್ದಳು, ಗಂಡನ ಜೊತೆ ಬಾಳುವೆ ಕೂಡಿಬರದೆ ಎಳೆಗೂಸನ್ನು ಎತ್ತಿಕೊಂಡು ತಾಯಿಯ ಮನೆಗೇ ಬಂದಳು. ಆ ಕೂಸು ಈಗ ಶಾಲೆಗೆ ಹೋಗುತ್ತದೆ. ಮನೆಯಲ್ಲಿ ಪುಟ್ಟಿ, ಅಜ್ಜಿಯ ಬಾಯಲ್ಲಿ ಮಾತ್ರ 'ನನ್ನ ಯಜಮಾನಿ'.

ಸೂಜಿಯಕ್ಕನ ಕೈಕೆಲಸ ನೋಡಬೇಕಿತ್ತು ನೀವು. ಎರಡೂ ಕಿವಿಯ ಹಾಲೆಗಳಿಗೆ ಪೆನ್ನಿನಿಂದ ಚುಕ್ಕೆ ಇಟ್ಟು, ಎದುರಿಗೆ ಬಂದು ನಿಂತು, "ಎಲ್ಲಿ, ನಗು ನೋಡೋಣ" ಅನ್ನುವಳು. ನಕ್ಕಾಗ ಒಂದು ಕಿವಿ ಇನ್ನೊಂದಕ್ಕಿಂತ ಚೂರು ಮೇಲೆ ಹೋಗುತ್ತದೆ, ಹೆಚ್ಚಿನವರಿಗೆ ತಮ್ಮ ಮುಖದ ಈ ಗುಟ್ಟು ಗೊತ್ತಿರುವುದಿಲ್ಲ. ಅವಳು ಆ ಚುಕ್ಕೆಯನ್ನು ಅಳಿಸಿ ಕೂದಲೆಳೆಯಷ್ಟು ಸರಿಸುವಳು. "ಬಿಗುಮಾನದಿಂದ ಕೂತಾಗ ಚೆಂದ ಕಂಡರೆ ಸಾಲದು, ನಗುವಾಗಲೂ ಕಾಣಬೇಕು" ಎನ್ನುವಳು. ಹಚ್ಚೆಯಾದರೆ ಎಡಗೈ ಹೆಬ್ಬೆರಳಿನಿಂದ ಚರ್ಮವನ್ನು ಬಿಗಿಯಾಗಿ ಎಳೆದು ಹಿಡಿದು, ಮೊದಲು ಗೆರೆ ಮುಗಿಸಿ, ಒರೆಸಿ, ಆಮೇಲೆ ಬಣ್ಣ ತುಂಬುವಳು. ನಡುವೆ ಬಾಯಿ ಮಾತ್ರ ಸುಮ್ಮನಿರುತ್ತಿರಲಿಲ್ಲ. ಸೈಕಲ್ ರಿಪೇರಿಯವನು ತೋಳಿನ ಮೇಲೆ ಹೆಂಡತಿಯ ಹೆಸರು ಬರೆಸಿಕೊಳ್ಳಲು ಬಂದಾಗ, "ಯೋಚನೆ ಮಾಡಪ್ಪಾ, ಪಂಕ್ಚರ್ ಹಾಕಿದಷ್ಟು ಸುಲಭವಾಗಿ ಇದನ್ನ ಕೀಳೋಕಾಗಲ್ಲ" ಅಂದವಳು ಅವಳು.

ಇನ್ನು ಅವಳ ಒಂದು ಪದ್ಧತಿ. ಈ ಕಥೆಯೆಲ್ಲ ನಿಂತಿರುವುದು ಅದರ ಮೇಲೆಯೇ.

ಯಾರನ್ನೇ ಚುಚ್ಚುವ ಮುಂಚೆ ಸೂಜಿಯನ್ನು ಮೊದಲು ತನ್ನ ಎಡಗೈ ಮಣಿಕಟ್ಟಿಗೆ ಒಮ್ಮೆ ಚುಚ್ಚಿಕೊಳ್ಳುವಳು. ಒಂದೇ ಒಂದು ಚುಕ್ಕೆ. ಹತ್ತಿಯಿಂದ ಸೂಜಿಯನ್ನು ಒರೆಸಿ, "ನೋಡು, ಮೊದಲು ನನ್ನ ಕೈಗೆ. ಏನಾದ್ರೂ ಆಯ್ತಾ? ಇರುವೆ ಕಚ್ಚಿದ ಹಾಗೆ, ಅಷ್ಟೇ" ಎಂದು ಅದೇ ಸೂಜಿಯನ್ನು ಎದುರಿಗೆ ಕೂತವರ ಕಿವಿಗೆ ಇಳಿಸುವಳು. ಇದನ್ನು ಕಲಿಸಿದ್ದು ಅವಳ ಸೋದರತ್ತೆ. ಕಸುಬು ಕಲಿಸಿದವಳೂ ಅವಳೇ. "ನಿನ್ನ ಚರ್ಮಕ್ಕೆ ಬೇಡವಾದ್ದು ಇನ್ನೊಬ್ಬರ ಚರ್ಮಕ್ಕೂ ಬೇಡ. ಸೂಜಿ ಮೊಂಡಾಗಿದ್ರೆ ಆ ನೋವು ಮೊದಲು ನಿನಗೇ ಗೊತ್ತಾಗಲಿ" ಎಂದು ಅತ್ತೆ ಹೇಳಿಕೊಟ್ಟಿದ್ದಳು. ಅತ್ತೆ ಸತ್ತು ಎಷ್ಟೋ ಕಾಲವಾದರೂ ಸೊಸೆ ಆ ಮಾತು ಬಿಟ್ಟಿರಲಿಲ್ಲ. ಎಡ ಮಣಿಕಟ್ಟಿನ ಒಳಬದಿ ಎಳ್ಳು ಚೆಲ್ಲಿದ ಹಾಗೆ ಚುಕ್ಕೆಗಳಿಂದ ತುಂಬಿಹೋಗಿತ್ತು. ಹೆದರಿದ ಮಕ್ಕಳಿಗೆ ತಾಯಂದಿರು ಆ ಕೈಯನ್ನೇ ತೋರಿಸಿ ಧೈರ್ಯ ಹೇಳುತ್ತಿದ್ದರು.

ಉಳಿದದ್ದನ್ನೆಲ್ಲ ಅವಳು ಕಾಲಕ್ಕೆ ತಕ್ಕಂತೆ ಬದಲಾಯಿಸಿದ್ದಳು. ಅತ್ತೆಯ ಕಾಲದಲ್ಲಿ ಸೂಜಿಯನ್ನು ಪಾತ್ರೆಯಲ್ಲಿ ಕುದಿಸಿ ಕುದಿಸಿ ಮತ್ತೆ ಬಳಸುತ್ತಿದ್ದರು. ಇವಳ ಕೈಗೆ ಅಂಗಡಿ ಬಂದು ಕೆಲವು ವರ್ಷ ಅದೇ ನಡೆಯಿತು. ಆಮೇಲೆ ಒಂದು ಸಲ ಬಳಸಿ ಬಿಸಾಡುವ, ಸೀಲು ಮಾಡಿದ ಪೊಟ್ಟಣದ ಸೂಜಿ ಬಂತು, ಇವಳೂ ಅದಕ್ಕೆ ಬದಲಾದಳು. ಕೈಗವಸು ಬಂತು, ಹಾಕಿಕೊಂಡಳು. ಮಣಿಕಟ್ಟಿಗೆ ಚುಚ್ಚಿಕೊಳ್ಳುವುದೊಂದು ಉಳಿಯಿತು. ಅದು ಬೇಡ ಅಂತ ಹೇಳಲು ಯಾರಿಗೂ ಹೊಳೆಯಲಿಲ್ಲ. ಹಾಗೊಬ್ಬಳು ಮಾಡುತ್ತಾಳೆ ಅಂತ ತಾನೇ ಯಾರಿಗೆ ಹೊಳೆಯಬೇಕು?

ಚರ್ಮ ಚುಚ್ಚುವ ಕಸುಬಿನವರೆಲ್ಲ ನೋಂದಣಿ ಮಾಡಿಸಿಕೊಳ್ಳಬೇಕು ಅಂತ ಹೊಸ ನಿಯಮ ಬಂದದ್ದನ್ನು ದರ್ಜಿ ಎಲ್ಲೋ ಓದಿ ಬಂದು ಹೇಳಿದ. "ನಿನ್ನನ್ನ ಯಾರು ಕೇಳ್ತಾರೆ ಬಿಡಕ್ಕಾ, ಈ ಸಂದಿಗೆ ಯಾವ ಆಫೀಸರ್ ಬರ್ತಾನೆ?" ಎಂದೂ ಸೇರಿಸಿದ. ಸೂಜಿಯಕ್ಕನಿಗೆ ಅದೇ ಚುಚ್ಚಿತು. ಎಲ್ಲಿ ಹೋಗಿ ಯಾವ ಅರ್ಜಿ ತುಂಬಿದರೂ, ಉದ್ಯೋಗ ಅನ್ನುವ ಕಡೆ 'ಗೃಹಿಣಿ' ಎಂದು ಯಾರೋ ಕೇಳದೆಯೇ ಬರೆದುಬಿಡುತ್ತಿದ್ದರು. ಗಂಡ ನಲ್ಲಿ ರಿಪೇರಿಯವನು, ಅವನದು ಉದ್ಯೋಗ. ಇವಳದು ಏನೂ ಅಲ್ಲ. ಈಗ ಸರ್ಕಾರವೇ ಬಾ ಅನ್ನುತ್ತಿದೆ. ತನ್ನ ಹೆಸರು, ಅದರ ಪಕ್ಕ ಮಗಳ ಹೆಸರು, ಎರಡನ್ನೂ ಹಾಕಿಸಿ, ಚೌಕಟ್ಟು ಕಟ್ಟಿಸಿ ಗೋಡೆಗೆ ತೂಗುಹಾಕಬೇಕು. ನಾಳೆ ತಾನು ಕಣ್ಣುಮುಚ್ಚಿದರೆ ಮಗಳು ಮೊಮ್ಮಗಳು ಯಾರ ಬಾಗಿಲಿಗೂ ಹೋಗಬಾರದು. ಅವಳ ಆಸೆ ಇಷ್ಟೇ. ದುರಾಸೆಯೇ ಇದು? ನೀವೇ ಹೇಳಿ.

ಆರೋಗ್ಯ ಇಲಾಖೆಯ ಕಚೇರಿಯ ಕೌಂಟರಿನಲ್ಲಿ ಕೂತಿದ್ದ ಗುಮಾಸ್ತ ತಲೆ ಎತ್ತದೆ ಹೇಳಿದ. "ಎರಡು ಅರ್ಜಿ ಕೊಡಬೇಕು. ವ್ಯಕ್ತಿಗೆ ಒಂದು, ಜಾಗಕ್ಕೆ ಒಂದು."

"ಜಾಗಕ್ಕೆ ಯಾಕಪ್ಪಾ? ನಾನಿಲ್ಲದೆ ಗೋಡೆ ಎದ್ದು ಬಂದು ಕಿವಿ ಚುಚ್ಚುತ್ತಾ?"

"ಗೋಡೆ ಇಲ್ದೆ ನೀವು ಬೀದಿಯಲ್ಲಿ ನಿಂತು ಚುಚ್ತೀರಾ?" ಎಂದ ಗುಮಾಸ್ತ. ಅಷ್ಟು ಹೊತ್ತಿಗೆ ಅವನಿಗೂ ನಗು ಬಂದಿತ್ತು. ತಾಯಿ ಮಗಳು ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಲೇ ಅರ್ಜಿ ಬರೆದು ಬಂದರು.

ಆಮೇಲೆ ಮನೆಯಲ್ಲಿ ಸಡಗರವೋ ಸಡಗರ. ಕೈತೊಳೆಯಲು ಆ ಕೋಣೆಯಲ್ಲೇ ಬೇಸಿನ್ ಇರಬೇಕು, ಬಿಸಿನೀರು ಬರಬೇಕು, ನಲ್ಲಿಯನ್ನು ಬೆರಳಿನಿಂದ ಮುಟ್ಟದೆ ಮೊಣಕೈಯಿಂದ ತಿರುಗಿಸುವ ಹಾಗಿರಬೇಕು. ಊರಿನವರ ನಲ್ಲಿಯನ್ನೆಲ್ಲ ರಿಪೇರಿ ಮಾಡುವ ಗಂಡನ ಮನೆಯ ನಲ್ಲಿ ಮಾತ್ರ ಮದುವೆಯಾದಾಗಿನಿಂದ ತೊಟ್ಟಿಕ್ಕುತ್ತಲೇ ಇತ್ತು. "ಸರ್ಕಾರ ಹೇಳಿದ ಮೇಲೆ ನಿನ್ನ ಕೈ ಆಡ್ತು ನೋಡು. ನಾನು ಬಾಯಿ ಬಡ್ಕೊಂಡಾಗ ಕಿವಿಗೆ ಹತ್ತಿ ಇಟ್ಕೊಂಡಿದ್ದೆ" ಎಂದು ಅವಳು ಹಂಗಿಸಿದಳು. ಅವನು ಪೈಪಿನ ಕೆಳಗೆ ಮಲಗಿಕೊಂಡೇ, "ಹತ್ತಿ ನಿನ್ನ ಡಬ್ಬಿಯದ್ದೇ" ಎಂದ. ನೆಲಕ್ಕೆ ಒರೆಸಿದರೆ ಹೊಳೆಯುವ ಹಾಸು ಬಂತು. ಬಳಸಿದ ಸೂಜಿ ಹಾಕಲು ಮುಚ್ಚಳವಿರುವ ಹಳದಿ ಡಬ್ಬ ಬಂತು. ಮಗಳು ಬಾಗಿಲ ಮೇಲೆ ಹಾಕಲು ಹೊಸ ಬೋರ್ಡಿಗೆ ಅಕ್ಷರ ಬಿಡಿಸಿಟ್ಟಳು. ಆ ದಿನಗಳಲ್ಲಿ ನಕ್ಕಷ್ಟು ಆ ಮನೆ ಎಂದೂ ನಕ್ಕಿರಲಿಲ್ಲ, ಇನ್ನು ನಗುವುದೂ ಇಲ್ಲ.

ತಪಾಸಣೆಗೆ ಬಂದ ಅಧಿಕಾರಿ ಚಿಕ್ಕ ವಯಸ್ಸಿನ ಹೆಂಗಸು. ಜಂಬವಿಲ್ಲ, ಸಿಡುಕಿಲ್ಲ. ಬಾಗಿಲಲ್ಲೇ ಚಪ್ಪಲಿ ಬಿಟ್ಟು ಒಳಗೆ ಬಂದಳು. ನಲ್ಲಿಯನ್ನು ಮೊಣಕೈಯಿಂದ ತಿರುಗಿಸಿ ನೋಡಿ, ನೀರು ಬಿಸಿಯಾಗಿದೆಯೇ ಎಂದು ಬೆರಳಿಟ್ಟು ನೋಡಿ, ಪೊಟ್ಟಣಗಳ ಮೇಲಿನ ತಾರೀಖು ಓದಿದಳು. "ತುಂಬಾ ಚೆನ್ನಾಗಿ ಇಟ್ಕೊಂಡಿದೀರಮ್ಮ. ದೊಡ್ಡ ದೊಡ್ಡ ಅಂಗಡಿಗಳಲ್ಲೂ ಇಷ್ಟು ಇರಲ್ಲ" ಎಂದಳು. ಸೂಜಿಯಕ್ಕ ಹಿಗ್ಗಿ ಹೀರೇಕಾಯಿ ಆದಳು. ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಗಂಡ ಮೀಸೆ ತಿರುವಿದ.

"ಒಂದು ಸಲ ನೀವು ಮಾಡೋದನ್ನ ನೋಡ್ಲಾ?" ಎಂದಳು ಅಧಿಕಾರಿ.

ಅದಕ್ಕೂ ಸಿದ್ಧವಿತ್ತು. ದರ್ಜಿಯ ತಂಗಿಗೆ ಕಿವಿಯ ಮೇಲ್ಭಾಗದಲ್ಲಿ ಇನ್ನೊಂದು ತೂತು ಬೇಕಿತ್ತು, ಅವಳನ್ನೇ ಕೂರಿಸಿದ್ದರು. ಸೂಜಿಯಕ್ಕ ಕೈ ತೊಳೆದಳು, ಗವಸು ಹಾಕಿದಳು, ಕಿವಿಯನ್ನು ಒರೆಸಿ ಚುಕ್ಕೆ ಇಟ್ಟಳು, ನಗಿಸಿ ನೋಡಿದಳು. ಅಧಿಕಾರಿ ಒಂದೊಂದಕ್ಕೂ ತಲೆಯಾಡಿಸುತ್ತಿದ್ದಳು. ಪೊಟ್ಟಣ ಹರಿದು ಸೂಜಿ ಹೊರಗೆ ತೆಗೆದಾಗ ದರ್ಜಿಯ ತಂಗಿ ಕಣ್ಣು ಬಿಗಿಮುಚ್ಚಿ ಕುರ್ಚಿಯ ಹಿಡಿ ಹಿಡಿದುಕೊಂಡಳು.

"ಅಯ್ಯೋ ಹುಚ್ಚಿ, ಕಣ್ಣು ಬಿಡು. ಮೊದಲು ನನ್ನ ಕೈಗೆ ನೋಡು" ಎಂದಳು ಸೂಜಿಯಕ್ಕ. ಗವಸನ್ನು ಚೂರು ಕೆಳಗೆ ಸರಿಸಿ ಮಣಿಕಟ್ಟಿಗೆ ಚುಚ್ಚಿಕೊಂಡಳು, ಒರೆಸಿದಳು, ಸೂಜಿಯನ್ನು ಕಿವಿಯ ಹತ್ತಿರ ಒಯ್ದಳು.

"ನಿಲ್ಲಿಸಿ! ನಿಲ್ಲಿಸಿ!"

ಅಧಿಕಾರಿ ಅವಳ ಮುಂಗೈಯನ್ನೇ ಹಿಡಿದುಬಿಟ್ಟಿದ್ದಳು.

"ನೀವು ಯಾವಾಗಲೂ ಹೀಗೇ ಮಾಡ್ತೀರಾ?" ಅಧಿಕಾರಿಯ ದನಿ ಸಣ್ಣಗಾಗಿತ್ತು.

ಸೂಜಿಯಕ್ಕನಿಗೆ ಇದು ಹೊಗಳಿಕೆಯ ಪೀಠಿಕೆಯೇ ಅನ್ನಿಸಿತು. ಪಾಪ, ಎದೆಯುಬ್ಬಿಸಿ ಹೇಳಿದಳು. "ಯಾವಾಗಲೂ ಮೇಡಂ. ಒಬ್ಬರಿಗೂ ತಪ್ಪಿಸಿಲ್ಲ. ಕೈತುಂಬಾ ಕೆಲಸ ಇದ್ದ ದಿನವೂ ತಪ್ಪಿಸಿಲ್ಲ. ಈ ಕೈ ನೋಡಿ ಬೇಕಾದ್ರೆ." ಮಣಿಕಟ್ಟನ್ನು ದೀಪದ ಕೆಳಗೆ ತಿರುಗಿಸಿ ಹಿಡಿದಳು. ಅಷ್ಟೂ ಚುಕ್ಕೆಗಳನ್ನು ಅಧಿಕಾರಿ ನೋಡುತ್ತ ನಿಂತಳು. ಮಗಳಿಗೆ ಮೊದಲು ಅರ್ಥವಾಯಿತು. ಅವಳು ಬಂದು ತಾಯಿಯ ಕೈಯಿಂದ ಸೂಜಿ ತೆಗೆದುಕೊಂಡು ಹಳದಿ ಡಬ್ಬಕ್ಕೆ ಹಾಕಿದಳು.

ಅಧಿಕಾರಿ ಬೈಯಲಿಲ್ಲ. ಕುರ್ಚಿಯಲ್ಲಿ ಸೂಜಿಯಕ್ಕನನ್ನು ಕೂರಿಸಿ, ತಾನು ಎದುರಿಗೆ ಮೊಣಕಾಲೂರಿ ಕೂತು ಬಿಡಿಸಿ ಹೇಳಿದಳು. ನಿಮ್ಮ ರಕ್ತ ಸೂಜಿಗೆ ಅಂಟುತ್ತದೆ, ಒರೆಸಿದರೆ ಹೋಗುವುದಿಲ್ಲ, ಅದು ಅವರ ರಕ್ತಕ್ಕೆ ಸೇರುತ್ತದೆ. ನಿಮ್ಮಲ್ಲಿ ಯಾವುದಾದರೂ ಸೋಂಕಿದ್ದರೆ ಅದೂ ಹೋಗುತ್ತದೆ. "ಏನೂ ಇಲ್ದೆ ಇರಬಹುದು. ಒಂದು ಸಲ ರಕ್ತ ಪರೀಕ್ಷೆ ಮಾಡಿಸಿಬಿಡೋಣ. ಅಲ್ಲಿವರೆಗೂ ಯಾರನ್ನೂ ಚುಚ್ಚಬೇಡಿ."

"ನನಗೆ ಒಂದು ದಿನ ಜ್ವರ ಬಂದಿಲ್ಲ ಮೇಡಂ. ಕಲ್ಲು ತಿಂದು ಕರಗಿಸ್ಕೋತೀನಿ" ಎಂದಳು ಸೂಜಿಯಕ್ಕ. ಆದರೆ ದನಿಯಲ್ಲಿ ಮೊದಲಿನ ಕಸುವಿರಲಿಲ್ಲ.

ಕಲ್ಲು ತಿಂದು ಕರಗಿಸುವವಳ ಲಿವರಿನಲ್ಲೇ ಆ ಸೋಂಕು ಕೂತಿತ್ತು. ಎಷ್ಟೋ ವರ್ಷದಿಂದ, ಸದ್ದಿಲ್ಲದೆ. ಆಸ್ಪತ್ರೆಯ ಡಾಕ್ಟರು ಕಾಗದ ನೋಡಿ ವಿವರಿಸಿದರು. ಇದು ರಕ್ತದಿಂದ ರಕ್ತಕ್ಕೆ ಹರಡುವ ಲಿವರಿನ ಕಾಯಿಲೆ. ಒಳಗೆ ಇದ್ದರೂ ಬಹಳ ಕಾಲ ಗೊತ್ತಾಗುವುದಿಲ್ಲ. ಸೂಜಿಯನ್ನು ಕುದಿಸಿ ಮತ್ತೆ ಬಳಸುತ್ತಿದ್ದ ಆ ಮೊದಲಿನ ವರ್ಷಗಳಲ್ಲಿ ಯಾರ ರಕ್ತವೋ ಅಂಟಿದ್ದ ಸೂಜಿಯನ್ನು ಕೈಗೆ ಚುಚ್ಚಿಕೊಂಡಾಗ ಬಂದಿರಬಹುದು. "ಸರಿಯಾಗಿ ಕುದಿಸದ ಸೂಜಿ ಒಂದಿದ್ದರೂ ಸಾಕು" ಎಂದರು. ಅಂದರೆ ಗಿರಾಕಿಗೆ ನೋವಾಗದಿರಲಿ ಅಂತ ಚುಚ್ಚಿಕೊಂಡ ಚುಕ್ಕೆಯಿಂದಲೇ ಬಂತು, ಅದೇ ಚುಕ್ಕೆಯಿಂದ ಬೇರೆಯವರಿಗೂ ಹೋಯಿತು.

ಡಾಕ್ಟರು ಔಷಧಿ, ಪಥ್ಯ, ಮತ್ತೆ ಬರಬೇಕಾದ ದಿನ ಎಲ್ಲ ಹೇಳುತ್ತಿದ್ದರು. ಸೂಜಿಯಕ್ಕನಿಗೆ ಒಂದೂ ಕೇಳಿಸಲಿಲ್ಲ. ಅವಳಿಗೆ ತನ್ನ ಲಿವರಿನ ಚಿಂತೆಯಿರಲಿಲ್ಲ, ನೋಂದಣಿಯ ಚಿಂತೆಯೂ ಹೋಗಿತ್ತು. ಒಂದು ಪುಟ್ಟ ಕಿವಿ ಅವಳ ಕಣ್ಣ ಮುಂದೆ ಬಂದು ನಿಂತುಬಿಟ್ಟಿತ್ತು.

ಪುಟ್ಟಿ ದಿನ ತುಂಬುವ ಮುಂಚೆಯೇ ಹುಟ್ಟಿದ ಮಗು. ಅಂಗೈ ಮೇಲೆ ಇಟ್ಟುಕೊಳ್ಳಬಹುದಾದಷ್ಟು ಪುಟ್ಟದಿತ್ತು. ಸ್ವಲ್ಪ ತೂಕ ಬರಲಿ, ಆಮೇಲೆ ಲಸಿಕೆ ಹಾಕೋಣ ಅಂತ ಆಸ್ಪತ್ರೆಯವರು ಕಳಿಸಿದ್ದರು. ಈ ಕಾಯಿಲೆ ತಡೆಯುವ ಲಸಿಕೆಯೂ ಅದರಲ್ಲಿತ್ತು. ಮಗುವಿಗೆ ಕಿವಿ ಚುಚ್ಚುವ ಮಾತು ತೆಗೆದವಳು ಅಜ್ಜಿಯೇ. "ಇಂಜೆಕ್ಷನ್ ಎಲ್ಲ ಮುಗೀಲಿ ಅಮ್ಮಾ" ಎಂದು ಮಗಳು ಅಂದಿದ್ದಳು, ಒಮ್ಮೆಯಲ್ಲ, ಎರಡು ಮೂರು ಸಲ. "ನನಗೆ ಕಲಿಸ್ತೀಯೇನೇ? ಈಗ ಕಿವಿ ಬೆಣ್ಣೆ ಹಾಗಿದೆ, ಗೊತ್ತೇ ಆಗಲ್ಲ. ದೊಡ್ಡದಾದ ಮೇಲೆ ಅದು ಅತ್ತರೆ ನಿನಗೆ ತಡ್ಕೊಳ್ಳೋಕಾಗುತ್ತಾ?" ಎಂದು ಅಜ್ಜಿ ಬಾಯಿ ಮುಚ್ಚಿಸಿದ್ದಳು. ಚುಚ್ಚಿದಳು. ಮೊದಲು ತನ್ನ ಕೈಗೆ. ಮೊಮ್ಮಗಳಲ್ಲವೇ, ಅವತ್ತು ಒಮ್ಮೆಗೆ ಸಮಾಧಾನವಾಗದೆ, ಸೂಜಿ ಹದವಾಗಿದೆಯೋ ಇಲ್ಲವೋ ಅಂತ ಎರಡು ಸಲ ಚುಚ್ಚಿಕೊಂಡಿದ್ದಳು.

ಮನೆಗೆ ಬಂದವಳು ಮಗಳನ್ನು ಅಡಿಗೆಮನೆಗೆ ಕರೆದು ಎಲ್ಲ ಹೇಳಿದಳು. ಮಗಳು ಒಲೆ ಆರಿಸಿದಳು. ಶಾಲೆಯಿಂದ ಬಂದು ಹೊಸ್ತಿಲ ಮೇಲೆ ಕೂತು ಬೂಟಿನ ದಾರ ಬಿಚ್ಚುತ್ತಿದ್ದ ಪುಟ್ಟಿಯನ್ನು ನೋಡಿದಳು, ಹೋಗಿ ಅವಳ ಮುಂದೆ ಕೂತು ಆ ದಾರವನ್ನು ತಾನೇ ಬಿಚ್ಚತೊಡಗಿದಳು.

ಪರೀಕ್ಷೆಗೆ ತಾಯಿ ಮಗು ಇಬ್ಬರನ್ನೂ ಕರೆದುಕೊಂಡು ಹೋದರು. ರಕ್ತ ತೆಗೆಯುವ ನರ್ಸು ಮಗುವಿನ ತೋಳಿಗೆ ಪಟ್ಟಿ ಕಟ್ಟಿದಾಗ ಪುಟ್ಟಿ ಕೈ ಕಿತ್ತುಕೊಂಡಳು. "ಊಹೂಂ. ಅಜ್ಜಿಗೆ ಮೊದಲು ಚುಚ್ಚಿ. ಆಮೇಲೆ ನನಗೆ." ಎಷ್ಟು ಮಕ್ಕಳು ಆ ಎತ್ತರದ ಕುರ್ಚಿಯಲ್ಲಿ ಕೂತು ಧೈರ್ಯ ತಂದುಕೊಂಡದ್ದನ್ನು ಅವಳು ಬಾಗಿಲ ಸಂದಿಯಿಂದ ನೋಡಿರಲಿಲ್ಲ! ನರ್ಸಿಗೆ ಗೊತ್ತಿಲ್ಲ, ಅವಳು ನಕ್ಕು, "ಜಾಣೆ ನೀನು. ಅಜ್ಜಿ ತುಂಬಾ ಧೈರ್ಯವಂತೆನಾ?" ಎಂದಳು. ಸೂಜಿಯಕ್ಕ ಎದ್ದು ಹೊರಗೆ ಹೋದಳು. ಹೋಗಿ ಆಸ್ಪತ್ರೆಯ ಕಾರಿಡಾರಿನ ತುದಿಯಲ್ಲಿ, ಕಸದ ಬುಟ್ಟಿಯ ಪಕ್ಕ, ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತಳು. ಒಳಗೆ ಮಗು ಅಳುವುದೂ ಅಲ್ಲಿಗೆ ಕೇಳುತ್ತಿತ್ತು.

ಫಲಿತಾಂಶ ಬರುವ ತನಕ ಅವಳು ಮನೆಯಲ್ಲಿ ಕೂರಲಿಲ್ಲ. ಬೀದಿಯವರನ್ನೆಲ್ಲ ಇಲಾಖೆಯಿಂದಲೇ ಪರೀಕ್ಷೆಗೆ ಕರೆಯುತ್ತೇವೆ, ನಿಮ್ಮ ಹೆಸರು ಹೇಳುವುದಿಲ್ಲ ಎಂದು ಅಧಿಕಾರಿ ಮಾತು ಕೊಟ್ಟಿದ್ದಳು. "ಹೆಸರು ಹೇಳದಿದ್ರೆ ಅವರಿಗೆ ಗೊತ್ತಾಗಲ್ವಾ ಮೇಡಂ? ಈ ಬೀದೀಲಿ ಸೂಜಿ ಹಿಡಿದವಳು ನಾನೊಬ್ಬಳೇ" ಎಂದು ಸೂಜಿಯಕ್ಕ ತಾನೇ ಮನೆಮನೆಗೆ ಹೋದಳು. ಬಾಗಿಲು ತಟ್ಟಿ, ಒಳಗೆ ಬಾ ಎಂದರೂ ಹೋಗದೆ, ನಿಂತಲ್ಲೇ ಹೇಳಿದಳು. ಕೆಲವರು ಬೈದರು, ಕೆಲವರು ಅತ್ತರು. ಒಬ್ಬಳು ಮುಖಕ್ಕೆ ಬಾಗಿಲು ಹಾಕಿದಳು, ಹಾಕಿದ ಬಾಗಿಲ ಹಿಂದೆಯೇ ನಿಂತು "ನನ್ನ ಮಗಳ ಮದುವೆ ನಿಶ್ಚಯ ಆಗಿದೆಯಲ್ಲೇ ಪಾಪಿ" ಎಂದು ಕೂಗಿದಳು. ದರ್ಜಿ ಹೊಲಿಯುವ ಮಿಷನ್ನಿನ ಮೇಲೆ ಕೈಯಿಟ್ಟುಕೊಂಡು ಕೂತಿದ್ದ, ತಂಗಿಗೆ ಆ ದಿನ ಚುಚ್ಚಲಿಲ್ಲವೆಂದು ಅವನಿಗೆ ಸಮಾಧಾನವಿರಬಹುದು, ಆದರೆ ಆ ತಂಗಿಯ ಮೊದಲ ತೂತೂ ಇವಳದೇ. ಸೈಕಲ್ ರಿಪೇರಿಯವನು ತೋಳಿನ ಮೇಲಿನ ಹೆಂಡತಿಯ ಹೆಸರನ್ನು ಇನ್ನೊಂದು ಕೈಯಿಂದ ಮುಚ್ಚಿಕೊಂಡು ಹೇಳಿದ. "ನಿನ್ನ ಕೈ ನೋಡಿಯೇ ನನಗೆ ಧೈರ್ಯ ಬಂದಿದ್ದು ಅಕ್ಕಾ." ಬೈಗುಳವನ್ನೆಲ್ಲ ಅವಳು ನಿಂತು ಕೇಳಿದ್ದಳು, ಈ ಮಾತಿಗೆ ಮಾತ್ರ ಅಲ್ಲಿ ನಿಲ್ಲಲಾಗಲಿಲ್ಲ.

'ಸುಮ್ಮನೆ ಇದ್ದಿದ್ದರೆ ಏನೂ ಆಗುತ್ತಿರಲಿಲ್ಲ' ಎಂದು ಈಗ ಬುದ್ಧಿವಂತರು ಹೇಳುತ್ತಾರೆ. ಆ ಮಾತು ಕೇಳಿದರೆ ಮೈ ಉರಿಯುತ್ತದೆ. ಆಗುವುದು ಆಗಿಹೋಗಿತ್ತು ಮಾರಾಯರೇ, ಅವಳು ಅರ್ಜಿ ಹಾಕುವ ಎಷ್ಟೋ ಮುಂಚೆಯೇ. ಅವಳು ಸುಮ್ಮನಿದ್ದಿದ್ದರೆ ಇನ್ನಷ್ಟು ಮಂದಿಗೆ ಆಗುತ್ತಿತ್ತು. ಹಾಗಂತ ಅವಳಿಗೆ ಯಾರು ಹೇಳಿದರೂ ಸಮಾಧಾನವಾಗಲಿಲ್ಲ. ಯಾಕಾಗಬೇಕು?

ಫಲಿತಾಂಶ ಬಂತು. ಮಗಳ ರಕ್ತದಲ್ಲಿ ಏನೂ ಇರಲಿಲ್ಲ. ಅವಳ ಕಿವಿ ಚುಚ್ಚಿದ್ದು ಸೂಜಿಯಕ್ಕನ ಆ ಸೋದರತ್ತೆ, ಅವಳು ಹುಟ್ಟಿದಾಗ ತಾಯಿಗೂ ಇನ್ನೂ ಅಂಟಿರಲಿಲ್ಲ. ಪುಟ್ಟಿಯ ರಕ್ತದಲ್ಲಿ ಇತ್ತು.

ಎಳೆಗೂಸಾಗಿದ್ದಾಗ ಅಂಟಿದರೆ ಮೈ ಬಿಟ್ಟು ಹೋಗುವುದು ಬಹಳ ಅಪರೂಪ ಎಂದರು ಡಾಕ್ಟರು. ಆಡಬಹುದು, ಓದಬಹುದು, ಎಲ್ಲರ ಜೊತೆ ಕೂತು ಉಣ್ಣಬಹುದು. ಆದರೆ ಬದುಕಿರುವ ತನಕ ಪರೀಕ್ಷೆ ಮಾಡಿಸುತ್ತ, ಕಾಯುತ್ತ ಇರಬೇಕು. ಮುಂದೆ ಒಂದು ದಿನ ಲಿವರ್ ಕೈಕೊಡಬಹುದು, ಕೊಡದೆಯೂ ಇರಬಹುದು. ರಕ್ತ ಬಂದರೆ ಹುಷಾರಾಗಿರಬೇಕು. ಬ್ರಷ್ಷು, ಬ್ಲೇಡು, ಉಗುರು ಕತ್ತರಿಸುವುದು, ಇಂಥವನ್ನು ಅವಳಿಗೇ ಬೇರೆ ಇಡಬೇಕು. ಮಗಳು ಒಂದೊಂದನ್ನೂ ತಲೆಯಾಡಿಸಿ ಕೇಳಿಸಿಕೊಂಡಳು. ಪಕ್ಕದ ಕುರ್ಚಿಯಲ್ಲಿ ಪುಟ್ಟಿ ಕಾಲಾಡಿಸುತ್ತ ಗೋಡೆಗೆ ಅಂಟಿಸಿದ್ದ ಬಾಯಿಯ ಚಿತ್ರದಲ್ಲಿ ಹಲ್ಲು ಎಣಿಸುತ್ತಿದ್ದಳು.

ದಾರಿಯಲ್ಲಿ ಸೂಜಿಯಕ್ಕ ತಡೆಯಲಾರದೆ ಮಗಳ ಕೈ ಹಿಡಿದಳು. "ಬೈಯೇ ನನ್ನ. ಎರಡು ಏಟಾದ್ರೂ ಹೊಡಿ. ನೀನು ಬೇಡ ಅಂದಿದ್ದೆ. ಹೀಗೆ ಸುಮ್ಮನಿರಬೇಡ್ವೇ."

"ಏನಂತ ಬೈಯಲಿ ಅಮ್ಮಾ?" ಎಂದಳು ಮಗಳು. "ನೀನೇನು ಬೇಕು ಅಂತ ಮಾಡಿದ್ದಾ? ಪ್ರೀತಿಯಿಂದಲೇ ಮಾಡಿದ್ದು." ಅಷ್ಟು ಹೇಳಿ ಕೈ ಬಿಡಿಸಿಕೊಂಡು ಮಗುವಿನ ಇನ್ನೊಂದು ಪಕ್ಕಕ್ಕೆ ಹೋಗಿ ನಡೆಯತೊಡಗಿದಳು. ಆ ಪ್ರೀತಿ ಅನ್ನುವ ಮಾತು ಬೆಂಕಿಯ ಹಾಗೆ ಸುಟ್ಟಿತು ಸೂಜಿಯಕ್ಕನನ್ನು. ಅದರ ಬದಲು ಚಪ್ಪಲಿಯಲ್ಲಿ ಹೊಡೆದಿದ್ದರೆ ಎಷ್ಟೋ ವಾಸಿಯಿತ್ತು.

ಕೆಲವು ದಿನವಾದ ಮೇಲೆ ಅಧಿಕಾರಿ ತಾನೇ ಬಂದಳು. ಜಾಗಕ್ಕೆ ನೋಂದಣಿ ಸಿಕ್ಕಿದೆ, ವ್ಯಕ್ತಿಗೆ ಕೊಡಲಾಗುವುದಿಲ್ಲ ಎಂದು ತಲೆ ತಗ್ಗಿಸಿಕೊಂಡು ಹೇಳಿದಳು. ಮಗಳು ತರಬೇತಿ ಪಡೆದು ತನ್ನ ಹೆಸರಿನಲ್ಲಿ ಮುಂದುವರಿಸಬಹುದು, ತಾನು ಸಹಾಯ ಮಾಡುತ್ತೇನೆ ಎಂದಳು. "ಬೇಡ ಮೇಡಂ. ನನ್ನ ಕೈಯಲ್ಲಿ ಸೂಜಿ ಹಿಡಿಯೋಕೆ ಆಗಲ್ಲ" ಎಂದಳು ಮಗಳು. ಅವಳು ಈಗ ದರ್ಜಿಯ ಅಂಗಡಿಯಲ್ಲಿ ಗುಂಡಿ ಹಾಕಲು ಹೋಗುತ್ತಾಳೆ ಎಂದರೆ ನಗಬೇಡಿ, ಅಲ್ಲಿ ಗುಂಡಿಯನ್ನು ಮಿಷನ್ನೇ ಹಾಕುತ್ತದೆ. ಆ ಅಂಗಡಿಯವರು ಇವಳನ್ನು ಕರೆದದ್ದು ಅವರ ದೊಡ್ಡತನ. ಗಂಡ ಮುಂದಿನ ಕೋಣೆಯ ಬೇಸಿನ್ನಿಗೆ ಹೋಗುವ ನೀರನ್ನು ಬಂದ್ ಮಾಡಿದ. ಕುರ್ಚಿಯನ್ನು ಯಾರಿಗೋ ಕೊಟ್ಟರು.

ಹೀಗೆ ಕೈ ಖಾಲಿಯಾದವಳಿಗೆ ಉಳಿದದ್ದು ಮೊಮ್ಮಗಳ ಚಾಕರಿ ಒಂದೇ. ಸ್ನಾನ ಮಾಡಿಸುವುದು, ಜಡೆ ಹೆಣೆಯುವುದು, ಶಾಲೆಯಿಂದ ಕರೆತರುವುದು. ಒಂದು ರಜಾದಿನ ಪುಟ್ಟಿ ತಲೆಗೆ ನೀರು ಹಾಕಿಸಿಕೊಂಡು ಬಿಸಿಲಲ್ಲಿ ಕೂತಿದ್ದಳು. ನೀರಿನಲ್ಲಿ ನೆನೆದು ಉಗುರು ಮೆತ್ತಗಾಗಿತ್ತು. ಇದೇ ಸಮಯ ಅಂತ ಸೂಜಿಯಕ್ಕ ಮಗುವಿಗೆಂದೇ ತಂದ ಹೊಸ ನೇಲ್ ಕಟರ್ ತೆಗೆದು, ಆ ಪುಟ್ಟ ಪಾದವನ್ನು ತನ್ನ ತೊಡೆಯ ಮೇಲಿಟ್ಟುಕೊಂಡಳು.

ಮಗಳು ಒಗೆದ ಬಟ್ಟೆ ಹರವುತ್ತಿದ್ದವಳು ಹಾಗೇ ಬಂದಳು. ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು ಪಕ್ಕದಲ್ಲಿ ಕೂತಳು.

"ಕೊಡಮ್ಮ ಇಲ್ಲಿ. ನಾನು ಕತ್ತರಿಸ್ತೀನಿ."

"ಇದು ಅವಳದ್ದೇ ಕಣೇ. ಬೇರೆ ಯಾರಿಗೂ ಮುಟ್ಟಿಸಿಲ್ಲ. ನಾನು ಕೈ ತೊಳ್ಕೊಂಡೇ..."

"ಗೊತ್ತಮ್ಮ. ಆದರೂ ಕೊಡು."

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಸೂಜಿಯಕ್ಕ ಜಗಳವಾಡಿ, ಅತ್ತು, ಹೇಗೋ ಗೆದ್ದುಕೊಳ್ಳುತ್ತಿದ್ದಳು. ಅವಳು ನೇಲ್ ಕಟರನ್ನು ಮಗಳ ಅಂಗೈಯಲ್ಲಿಟ್ಟಳು.

"ನೀನು ಬೇಡಮ್ಮ, ಅಜ್ಜಿನೇ ಕತ್ತರಿಸಲಿ. ಅಜ್ಜಿ ಮಾಡಿದ್ರೆ ನೋವೇ ಆಗಲ್ಲ" ಎಂದಳು ಪುಟ್ಟಿ. ಕಾಲನ್ನು ಅಜ್ಜಿಯ ತೊಡೆಯಿಂದ ತೆಗೆಯಲೇ ಇಲ್ಲ.

ಮಗಳು ತಾಯಿಯ ಮುಖವನ್ನೇ ನೋಡಿದಳು. ಎಷ್ಟೋ ದಿನದಿಂದ ಅವಳು ಆ ಮುಖವನ್ನು ನೇರವಾಗಿ ನೋಡಿರಲಿಲ್ಲ.

"ಅಜ್ಜಿಗೆ ಕಣ್ಣು ಕಾಣಲ್ಲ ನನ್ನ ಯಜಮಾನಿ" ಎಂದಳು ಸೂಜಿಯಕ್ಕ. ಆ ಪಾದವನ್ನು ಎರಡೂ ಕೈಯಲ್ಲಿ ಎತ್ತಿ ಮಗಳ ಮಡಿಲಿಗೆ ದಾಟಿಸಿದಳು. "ಮುದುಕಿ ಆದೆ ನೋಡು. ಇನ್ಮೇಲೆ ಅಮ್ಮನ ಹತ್ರವೇ ಮಾಡಿಸ್ಕೋ."

ಪುಟ್ಟಿ ಅವಳ ಕಣ್ಣ ಮುಂದೆ ಎರಡು ಬೆರಳು ಹಿಡಿದು, "ಇದೆಷ್ಟು ಹೇಳು?" ಎಂದಳು.

"ಗೊತ್ತಾಗ್ತಿಲ್ಲಮ್ಮ" ಎಂದು ಅಜ್ಜಿ ಎದ್ದು ಒಳಗೆ ಹೋದಳು.